ಹಂಡೆ ಹೋಯಿತು, ಗ್ಯಾಸ್ ಗೀಸರ್ ಬಂತು: ಮಸಿ ತೆಗೆಯುವುದನ್ನು ಮರೆಯಬೇಡಿ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಟಿಬೆಟನ್ ಕಾಲೊನಿ 1966ರಲ್ಲಿ ಕಾಡಿನ ನಡುವೆ ನೆಲೆಗೊಂಡ ವಸತಿ. ಅಲ್ಲಿಗೆ ಬಂದವರ ತಾಯ್ನಾಡಿನಲ್ಲಿ ಚಮರೀಮೃಗದ ಒಣ ಸಗಣಿಯೇ ಒಲೆಯ ಉರುವಲು. ಸುತ್ತಲಿನ ಹಳ್ಳಿಗಳ ನಮ್ಮ ರೈತರದೂ ಅದೇ ಬಗೆ. ಕುಳ್ಳು, ಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ದಿಂಡು, ಇವೇ ಬಚ್ಚಲೊಲೆಗೆ ಆಧಾರ.

ಈಗ ಎರಡೂ ಕಡೆ ಸಿಲಿಂಡರ್ ಬಂದಿದೆ. ಅನೇಕ ಮನೆಗಳಲ್ಲಿ ಹಂಡೆಯ ಜಾಗದಲ್ಲಿ ಗೋಡೆಗೆ ಗ್ಯಾಸ್ ಗೀಸರ್ ತೂಗುಬಿದ್ದಿದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಹೈನುಗಾರಿಕೆ ಮಾಡುವ ಮನೆಯಲ್ಲಂತೂ ಬೆಳಗು ಬೈಗು ಹಾಲಿನ ಕ್ಯಾನು ತೊಳೆಯಲು, ಹಸುವಿನ ಕೆಚ್ಚಲು ಒರೆಸಲು ಇದರಿಂದ ಬಹಳ ಅನುಕೂಲ. ಆದರೆ ಈ ಅನುಕೂಲದ ಹಿಂದೆ ಒಂದು ಅಪಾಯವಿದೆ. ಅದನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಬಚ್ಚಲೊಲೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಕಣ್ಣುರಿ, ಕೆಮ್ಮು ಬಂದರೆ ಜನ ಹೊರಗೆ ಓಡುತ್ತಿದ್ದರು. ಹಂಚಿನ ಸಂದಿಯಿಂದ ಹೊಗೆಯೂ ಹೊರಗೆ ಹೋಗುತ್ತಿತ್ತು. ಈಗಿನ ತಾರಸಿ ಮನೆಯ ಬಚ್ಚಲು ಚಿಕ್ಕದು. ಚಳಿಗೆ ಕಿಟಕಿಯೂ ಮುಚ್ಚಿರುತ್ತದೆ. ಅಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಕೂಗುವ ಶಕ್ತಿಯೂ ಇಲ್ಲದೆ ಕುಸಿದುಬೀಳುತ್ತಾರೆ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿಯರಿಬ್ಬರು ಗ್ಯಾಸ್ ಗೀಸರಿನ ಅನಿಲದಿಂದ ಮೃತಪಟ್ಟ ಸುದ್ದಿಯನ್ನು ಓದುಗರು ಮರೆತಿರಲಾರರು.

ಗೀಸರ್ ಕೆಲಸ ಮಾಡುವ ಬಗೆ

ನಲ್ಲಿ ಬಿಟ್ಟಾಗ ನೀರಿನ ಒತ್ತಡವು ಒಳಗಿನ ರಬ್ಬರ್ ಪೊರೆಯನ್ನು ತಳ್ಳುತ್ತದೆ. ಆಗ ಗ್ಯಾಸಿನ ದಾರಿ ತೆರೆಯುತ್ತದೆ. ಬ್ಯಾಟರಿ ಸೆಲ್ಲುಗಳಿಂದ ಕಿಡಿ ಹಾರಿ ಬರ್ನರ್ ಹೊತ್ತಿಕೊಳ್ಳುತ್ತದೆ. ಬರ್ನರಿನ ಮೇಲೆ ತಾಮ್ರದ ತೆಳು ರೆಕ್ಕೆಗಳ ಒಂದು ಪೆಟ್ಟಿಗೆಯಿದೆ. ಜ್ವಾಲೆಯ ಕಾವು ಈ ರೆಕ್ಕೆಗಳ ಮೂಲಕ ಕೊಳವೆಯಲ್ಲಿ ಹರಿಯುವ ನೀರಿಗೆ ಸೇರುತ್ತದೆ. ಸುಟ್ಟ ಅನಿಲ ಮೇಲಿನ ಬಾಯಿಂದ ಹೊರಬೀಳುತ್ತದೆ.

ಸಿಲಿಂಡರಿನ ಗ್ಯಾಸ್ ಒಂದು ಪಾಲು ಪೂರ್ತಿ ಉರಿಯಬೇಕಾದರೆ ಸುಮಾರು 25ರಿಂದ 30 ಪಾಲು ಗಾಳಿ ಬೇಕು. ಬರ್ನರಿನ ಗಾಳಿ ರಂಧ್ರಗಳಲ್ಲಿ ಧೂಳು, ಜೇಡರ ಬಲೆ ಅಥವಾ ಕುಂಬಾರ ಹುಳುವಿನ ಮಣ್ಣು ಕಟ್ಟಿದರೆ ಅಷ್ಟು ಗಾಳಿ ಸಿಗುವುದಿಲ್ಲ. ಅರ್ಧ ಉರಿದ ಗ್ಯಾಸಿನ ಮಸಿ ತಾಮ್ರದ ರೆಕ್ಕೆಗಳ ನಡುವೆ ಕೂರುತ್ತದೆ. ರೆಕ್ಕೆಗಳ ಸಂದಿ ಮುಚ್ಚಿದರೆ ಸುಟ್ಟ ಅನಿಲ ಮೇಲೇರಲಾರದೆ ಕೆಳಗೇ ಚೆಲ್ಲುತ್ತದೆ. ಉರಿ ಇನ್ನಷ್ಟು ಕೆಡುತ್ತದೆ, ಮಸಿ ಇನ್ನಷ್ಟು ಹೆಚ್ಚುತ್ತದೆ.

ಜ್ವಾಲೆಯೇ ಸಾಕ್ಷಿ

ಗೀಸರಿನ ಮುಂಭಾಗದ ಕಿಂಡಿಯಲ್ಲಿ ವಾರಕ್ಕೊಮ್ಮೆ ಜ್ವಾಲೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀಲಿಯಾಗಿ, ಗಿಡ್ಡವಾಗಿ, ಸ್ಥಿರವಾಗಿ ಉರಿದರೆ ಸರಿ. ಹಳದಿಯಾಗಿ ಉದ್ದಕ್ಕೆ ಎದ್ದು ಓಲಾಡಿದರೆ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಕರಿ ಕಂಡರೆ, ಅಥವಾ ಹೊತ್ತಿಕೊಳ್ಳುವಾಗ ‘ಢಪ್’ ಎಂದು ಸದ್ದಾದರೆ ಆ ದಿನವೇ ಬಳಕೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು. ಸದ್ದಿಗೆ ಅನೇಕ ಸಲ ಬ್ಯಾಟರಿ ಸೆಲ್ಲು ಸೋತಿರುವುದೂ ಕಾರಣ. ಕಿಡಿ ತಡವಾದಷ್ಟೂ ಗ್ಯಾಸ್ ಒಳಗೆ ತುಂಬಿಕೊಂಡು ಒಮ್ಮೆಲೇ ಹೊತ್ತುತ್ತದೆ.

ಮನೆಯವರು ಮಾಡಬಹುದಾದ ಕೆಲಸ

ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಗೀಸರ್ ಪೂರ್ತಿ ತಣ್ಣಗಾಗಲು ಬಿಡಿ. ನೀರಿನ ನಲ್ಲಿಯನ್ನೂ ಮುಚ್ಚಿ.

ನೀರು ಒಳಹೋಗುವ ಕಡೆ ಒಂದು ಸಣ್ಣ ಜಾಲರಿ ಇರುತ್ತದೆ. ಅದನ್ನು ಬಿಚ್ಚಿ, ಮರಳು, ಪಾಚಿ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಮತ್ತೆ ಹಾಕಿ. ಮಳೆಗಾಲದ ಕೆಂಪು ನೀರು ಬರುವ ಕಡೆ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಒಳ್ಳೆಯದು. ಸೆಲ್ಲುಗಳನ್ನು ತೆಗೆದು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಒಣ ಬಟ್ಟೆಯಿಂದ ಒರೆಸಿ ಹೊಸ ಸೆಲ್ಲು ಹಾಕಿ. ಹೊರಗಿನ ಗಾಳಿ ರಂಧ್ರಗಳ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ.

ಬಳಿಕ ರೆಗ್ಯುಲೇಟರ್ ತೆರೆದು ಗ್ಯಾಸಿನ ಕೊಳವೆಯ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಕಡ್ಡಿ ಗೀರಿ ಪರೀಕ್ಷೆ ಮಾಡಲೇಬಾರದು. ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ; ಬಿರುಕಿಲ್ಲದಿದ್ದರೂ 5 ವರ್ಷಕ್ಕಿಂತ ಹೆಚ್ಚು ಇಡಬೇಡಿ.

ಮೆಕ್ಯಾನಿಕ್‌ಗೇ ಬಿಡಬೇಕಾದ ಕೆಲಸ

ಪೆಟ್ಟಿಗೆ ಬಿಚ್ಚುವುದು ಮನೆಯವರ ಕೆಲಸವಲ್ಲ. ವರ್ಷಕ್ಕೊಮ್ಮೆ ಅನುಭವಸ್ಥ ಮೆಕ್ಯಾನಿಕ್‌ನನ್ನು ಕರೆಸಿ, ಎದುರಿಗೆ ನಿಂತು ಕೆಲಸ ಮಾಡಿಸಿಕೊಳ್ಳಬೇಕು. ಬರ್ನರನ್ನು ಹೊರತೆಗೆದು ಉಜ್ಜಿದರೇ, ತಾಮ್ರದ ರೆಕ್ಕೆಗಳ ನಡುವಿನ ಮಸಿಯನ್ನು ಬ್ರಷ್ಷಿನಿಂದ ತೆಗೆದರೇ, ರಬ್ಬರ್ ಪೊರೆ ಹಿಗ್ಗಿದೆಯೇ, ಸುಟ್ಟ ಅನಿಲದ ದಾರಿ ತೆರವಾಗಿದೆಯೇ ಎಂಬುದನ್ನು ಕೇಳಿ ನೋಡಿ. ಗ್ಯಾಸ್ ಬರುವ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಲು ಬಿಡಬೇಡಿ. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚಾಗಿ ಜ್ವಾಲೆ ಹಳದಿಯಾಗುತ್ತದೆ. ಗಡಸು ನೀರಿನ ಕೊಳವೆಬಾವಿ ಇರುವವರ ಗೀಸರಿನ ಕೊಳವೆಯೊಳಗೆ ಸುಣ್ಣದ ಪೊರೆ ಕಟ್ಟುತ್ತದೆ, ಅದನ್ನೂ ತೆಗೆಸಬೇಕು.

ಗೋಬರ್ ಗ್ಯಾಸ್ ಇರುವ ರೈತರಿಗೆ ಒಂದು ಮಾತು. ಗೋಬರ್ ಗ್ಯಾಸಿಗೆ ಗಾಳಿ ಕಡಿಮೆ ಸಾಕು, ಗ್ಯಾಸಿನ ರಂಧ್ರ ದೊಡ್ಡದಿರಬೇಕು. ಆದ್ದರಿಂದ ಸಿಲಿಂಡರಿಗೆಂದು ಮಾಡಿದ ಗೀಸರಿಗೆ ಗೋಬರ್ ಗ್ಯಾಸ್ ಜೋಡಿಸುವುದಾಗಲಿ, ಅದಕ್ಕೆಂದು ಮಾಡಿದ ಒಲೆಗೆ ಸಿಲಿಂಡರ್ ಜೋಡಿಸುವುದಾಗಲಿ ಕೂಡದು.

ಶುಚಿಯೊಂದೇ ಸಾಲದು

ಎಷ್ಟೇ ಶುಚಿಯಾದ ಗೀಸರ್ ಆದರೂ ಮುಚ್ಚಿದ ಬಚ್ಚಲಲ್ಲಿ ಉರಿಯುತ್ತಾ ಹೋದರೆ ಅಲ್ಲಿನ ಆಮ್ಲಜನಕವನ್ನು ತಾನೇ ತೀರಿಸಿ ವಿಷಾನಿಲ ಹುಟ್ಟಿಸುತ್ತದೆ. ಆದುದರಿಂದ ಗೀಸರನ್ನು ಬಚ್ಚಲಿನ ಹೊರಗೆ, ಮಳೆ ಎರಚಲು ತಾಗದ ಗಾಳಿಯಾಡುವ ಜಾಗದಲ್ಲಿ ಕೂರಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರುವುದು ಉತ್ತಮ. ಈಗಾಗಲೇ ಒಳಗಿದ್ದರೆ ಹೊರಗೆ ಹಾಕಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಬಳಿಕವೇ ಸ್ನಾನಕ್ಕೆ ಇಳಿಯಿರಿ.

ಸ್ನಾನದ ವೇಳೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ನಿತ್ರಾಣ ಕಂಡರೆ ತಕ್ಷಣ ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು, ಕಿಟಕಿ ತೆರೆದು, ಅವರನ್ನು ಬೇಗನೆ ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಅವರಿಗೆ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗಬೇಕು. ಗ್ಯಾಸ್ ಸೋರಿದ ವಾಸನೆ ಬಂದರೆ ವಿದ್ಯುತ್ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ತಿಳಿಸಿ.

ನಮ್ಮ ಹಿರಿಯರು ನೀರು ತುಂಬುವ ಹಬ್ಬದ ದಿನ ಹಂಡೆಯ ಮಸಿಯನ್ನೆಲ್ಲ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬುತ್ತಿದ್ದರು. ಟಿಬೆಟನ್ನರಲ್ಲಿಯೂ ಲೋಸಾರ್ ಹೊಸ ವರ್ಷಕ್ಕೆ ಮುಂಚೆ, ಹಳೆಯ ವರ್ಷದ ಕೊನೆಯ ತಿಂಗಳ 29ನೆಯ ದಿನ, ಮನೆಯನ್ನು, ಮುಖ್ಯವಾಗಿ ಅಡುಗೆಮನೆಯನ್ನು ಮಸಿ ತೆಗೆದು ಶುಚಿ ಮಾಡುವ ಪದ್ಧತಿಯಿದೆ. ಹಂಡೆ ಹೋದರೂ ಹಬ್ಬ ಉಳಿದಿದೆ. ದೀಪಾವಳಿಗೆ ಮುಂಚೆ, ಚಳಿ ಹಿಡಿಯುವ ಮೊದಲು ಗೀಸರಿನ ಮಸಿ ತೆಗೆಸಿ. ಲೋಸಾರ್ ಹೊತ್ತಿಗೆ ಇನ್ನೊಮ್ಮೆ ಜ್ವಾಲೆ, ಕೊಳವೆಗಳನ್ನು ನೋಡಿಕೊಳ್ಳಿ. ಇದಕ್ಕೆ ತಗಲುವುದು ಅರ್ಧ ದಿನ. ಅದರಿಂದ ಉಳಿಯುವುದು ಮನೆಯವರ ಜೀವ.