ನಿಂಬೆಯ ಕಲೆಯೂ ಬೆಲುಂ ಗುಹೆಯೂ

ನಮ್ಮ ಕಡೆಯ ಎಷ್ಟೋ ಹಳೆಯ ಮನೆಗಳ ಅಡುಗೆ ಕಟ್ಟೆ ಕಡಪ ಕಲ್ಲಿನದು. ಅದರ ಮೇಲೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಕರಿ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಕೊಳೆಯಲ್ಲ, ಹುಳಿ ಕಲ್ಲನ್ನೇ ತಿಂದ ಗುರುತು. ಬಳ್ಳಾರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಮಕ್ಕಳನ್ನು ಬೆಲುಂಗೆ ಕರೆದೊಯ್ಯುವ ಮೊದಲು ಮನೆಯಲ್ಲಿ ಈ ಕಲೆ ಹುಡುಕಿ ಬರಲು ಹೇಳುತ್ತೇನೆ. ಅದನ್ನು ನೋಡಿದವರಿಗೆ ಅರ್ಧ ಗುಹೆ ಆಗಲೇ ಅರ್ಥವಾಗಿರುತ್ತದೆ.

ಬೆಲುಂ ಇರುವುದು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಹತ್ತಿರ, ತಾಡಪತ್ರಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಗುಹೆ ಎಂದರೆ ಬೆಟ್ಟದ ಬಾಯಿ ಎಂದುಕೊಂಡು ಹೋದವರಿಗೆ ಅಲ್ಲಿ ಬೆಟ್ಟ ಕಾಣುವುದಿಲ್ಲ. ಬಯಲಿನ ನಡುವೆ ಬಾವಿಯಂಥ ಹೊಂಡಗಳಿವೆ, ಒಂದರೊಳಗೆ ಮೆಟ್ಟಿಲಿಳಿಯಬೇಕು. ಅಳೆದು ಗುರುತಿಸಿರುವ ಉದ್ದ 3,229 ಮೀಟರ್. ನಮಗೆ ತೆರೆದಿರುವುದು ಹೆಚ್ಚುಕಡಿಮೆ ಅದರ ಅರ್ಧ.

ಇದನ್ನು ಕೊರೆದದ್ದು ನೀರು. ಮಳೆ ನೀರು ಗಾಳಿಯಿಂದ ಒಂದಿಷ್ಟು, ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೀರಾ ತೆಳುವಾದ ಆಮ್ಲವಾಗುತ್ತದೆ. ನಿಂಬೆ ರಸದ ಮುಂದೆ ಅದರ ಹುಳಿ ಏನೂ ಅಲ್ಲ, ಆದರೆ ಅದಕ್ಕೆ ಕಾಲದ ಕೊರತೆಯಿಲ್ಲ. ಕಡಪ ಕಲ್ಲಿನಂಥದೇ ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ, ಕಲ್ಲನ್ನು ಕರಗಿಸುತ್ತ, ಬಿರುಕನ್ನು ಓಣಿಯಾಗಿಸುತ್ತದೆ, ಓಣಿಯನ್ನು ಮಂಟಪವಾಗಿಸುತ್ತದೆ. ಗುಹೆ ಬರಿದಾದ ಮೇಲೆ ಕೆಲಸ ತಿರುಗುಮುರುಗು. ಚಾವಣಿಯಿಂದ ತೊಟ್ಟಿಕ್ಕುವ ಹನಿ ತನ್ನೊಳಗಿನ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಟ್ಟಾಗ, ಕರಗಿದ್ದ ಸುಣ್ಣದಲ್ಲಿ ಕಣದಷ್ಟು ಅಲ್ಲೇ ಗಟ್ಟಿಯಾಗುತ್ತದೆ. ಹಾಗೆ ಮೇಲಿನಿಂದ ಇಳಿಬಿದ್ದದ್ದು ತೂಗುಗಲ್ಲು, ಹನಿ ಬಿದ್ದಲ್ಲಿ ನೆಲದಿಂದ ಎದ್ದದ್ದು ನಿಲುಗಲ್ಲು. ಇವು ಬೆಳೆಯುವ ವೇಗ ಗುಹೆಯಿಂದ ಗುಹೆಗೆ ಬೇರೆ. ಸಾಮಾನ್ಯವಾಗಿ ಹೇಳುವ ಲೆಕ್ಕ ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ಅಂದರೆ ಗೇಣುದ್ದಕ್ಕೆ ಎರಡು ಸಾವಿರ ವರ್ಷ ಮೀರುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಟಿಲಿಂಗಾಲು ಎಂಬ ಜಾಗದಲ್ಲಿ ನಿಲ್ಲಬೇಕು. ಎತ್ತ ತಿರುಗಿದರೂ ಲಿಂಗದ ಆಕಾರದ ಕಲ್ಲುಗಳು, ಕೆಲವು ಬೆರಳಷ್ಟು, ಕೆಲವು ಆಳೆತ್ತರ. ಕೈ ಮುಗಿಯುವವರು ಮುಗಿಯುತ್ತಾರೆ, ನನಗೂ ಅಲ್ಲಿ ಮಾತು ಹೊರಡುವುದಿಲ್ಲ. ಇನ್ನೊಂದೆಡೆ ಆಲದ ಬಿಳಲುಗಳಂತೆ ಕಲ್ಲು ಇಳಿಬಿದ್ದಿದೆ. ಅತ್ಯಂತ ಆಳದಲ್ಲಿ ಪಾತಾಳಗಂಗೆ, ಕಲ್ಲಿನೊಳಗೇ ಹರಿದು ಮರೆಯಾಗುವ ಸಣ್ಣ ತೊರೆ. ಒಳಗೆ ವಿಪರೀತ ಸೆಕೆ. ಕೊಳವೆಗಳಲ್ಲಿ ಗಾಳಿ ಊದುತ್ತಿದ್ದರೂ ಅಂಗಿ ಒದ್ದೆಯಾಗುತ್ತದೆ, ಕೆಲವೆಡೆ ಬಗ್ಗಿ ನಡೆಯಬೇಕು. ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೋಗಲಿ.

1884ರಲ್ಲಿ ಈ ಗುಹೆಯ ಬಗ್ಗೆ ಬರೆದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮೂರಿನ ಪಕ್ಕದ ಸಂಗನಕಲ್ಲಿನಲ್ಲಿ ಶಿಲಾಯುಗದ ನೆಲೆ ಗುರುತಿಸಿದವರೂ ಅವರೇ. ಆಮೇಲೆ ನೂರು ವರ್ಷ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬೌವರ್ ನೇತೃತ್ವದ ಜರ್ಮನ್ ತಂಡ ಒಳಹೊಕ್ಕು ವಿವರವಾಗಿ ಅಳೆಯಿತು. ಪ್ರವಾಸಿಗರಿಗೆ ಬಾಗಿಲು ತೆರೆದದ್ದು 2002ರಲ್ಲಿ.

ಸಪ್ತಸ್ವರಗಳ ಗುಹೆ ಎಂಬ ಭಾಗದಲ್ಲಿ ತೂಗುಗಲ್ಲುಗಳನ್ನು ತಟ್ಟಿದರೆ ಬೇರೆ ಬೇರೆ ನಾದ ಹೊರಡುತ್ತದೆ. ಹೋದವರೆಲ್ಲ ಗೆಣ್ಣಿನಿಂದಲೋ ಕೋಲಿನಿಂದಲೋ ತಟ್ಟುತ್ತಾರೆ. ನನಗೆ ಇದು ಸರಿಕಾಣುವುದಿಲ್ಲ. ಮುರಿದರೆ ಮತ್ತೆ ಆಗುವುದಿಲ್ಲ ಎಂಬುದೊಂದು. ಇನ್ನೊಂದು, ಚರ್ಮದ ಎಣ್ಣೆಯಂಶ ಕಲ್ಲಿಗೆ ಅಂಟಿದರೆ ಸುಣ್ಣ ಅಲ್ಲಿ ಸರಿಯಾಗಿ ಕೂರದೆ ಬೆಳವಣಿಗೆ ಕುಂಠಿತವಾಗಬಹುದು, ಬಣ್ಣವೂ ಕೆಡುತ್ತದೆ. ಜನರ ಉಸಿರು ಕೂಡ ಗುಹೆಯನ್ನು ಕೆಡಿಸಬಲ್ಲದು. ಫ್ರಾನ್ಸಿನ ಲಾಸ್ಕೋ ಗುಹೆಯ ಆದಿಮಾನವ ಚಿತ್ರಗಳು ನೋಡುಗರ ಉಸಿರಿನಿಂದ, ದೀಪದ ಬೆಳಕಿಗೆ ಬೆಳೆದ ಪಾಚಿಯಿಂದ ಹಾಳಾಗತೊಡಗಿ, 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು.

ಬೆಲುಂಗೆ ಖಂಡಿತ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ನವೆಂಬರಿನಿಂದ ಫೆಬ್ರುವರಿವರೆಗೆ ಬಿಸಿಲು ಕಡಿಮೆ. ಹತ್ತಿ ಬಟ್ಟೆ ತೊಡಿ, ಜಾರದ ಚಪ್ಪಲಿ ಮೆಟ್ಟಿ. ತಿಂಡಿಯ ಪೊಟ್ಟಣವನ್ನು ಹೊರಗೇ ಬಿಡಿ. ಕಲ್ಲನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಯಾರಾದರೂ ತಟ್ಟಿ ತೋರಿಸುತ್ತೇನೆ ಎಂದರೆ ಬೇಡ ಎನ್ನಿ.