ಸೀಸ ಕಟ್ಟಿದ ಊರು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಬಹುತೇಕ ರಾಜ್ಯಗಳಲ್ಲಿ ಕೌಂಟಿ ಎಂಬ ವಿಭಾಗಗಳುಂಟು. ಅವನ್ನು ಸ್ಥೂಲವಾಗಿ ನಮ್ಮ ಜಿಲ್ಲೆಗಳಿಗೆ ಹೋಲಿಸಬಹುದು. ಸಾಮಾನ್ಯವಾಗಿ ಕೌಂಟಿಗೆ ಒಂದು ಮುಖ್ಯ ಊರು. ನ್ಯಾಯಾಲಯ, ದಫ್ತರಗಳು ಅಲ್ಲಿ. ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯ ಜೋ ಡೇವಿಸ್ ಕೌಂಟಿಗೆ ಅಂಥ ಊರು ಗಲೀನ. ಇಂದು ಅಲ್ಲಿರುವ ಜನ ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು. ಆದರೆ ಅದರ ಮುಖ್ಯ ಬೀದಿಯಲ್ಲಿ ನಡೆದು ನೋಡಿದರೆ, ಇಟ್ಟಿಗೆ ಕಲ್ಲುಗಳ ಎತ್ತರದ ಕಟ್ಟಡಗಳು ಸಾಲುಗಟ್ಟಿ ನಿಂತಿವೆ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಬೀದಿ ಹೇಗೆ ಬಂತು?

ಉತ್ತರ ಊರಿನ ಹೆಸರಿನಲ್ಲಿಯೇ ಇದೆ. ಗಲೀನ ಎಂದರೆ ಸೀಸದ ಅದಿರು. ಬಂದೂಕಿನ ಗುಂಡಿಗೆ, ಕೊಳಾಯಿಗೆ, ಬಣ್ಣಕ್ಕೆ, ಮುದ್ರಣಾಲಯದ ಅಚ್ಚಿನ ಮೊಳೆಗೆ ಆಗ ಸೀಸವೇ ಬೇಕಾಗಿತ್ತು. ಬಿಳಿಯರು ಬರುವುದಕ್ಕೆ ಬಹಳ ಮೊದಲೇ ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನರು ಈ ಗುಡ್ಡಗಳಲ್ಲಿ ಅದಿರು ತೆಗೆಯುತ್ತಿದ್ದರು. ಅಗೆಯುವ ಕೆಲಸ ಹೆಚ್ಚಾಗಿ ಹೆಂಗಸರದು. 1820ರ ದಶಕದಲ್ಲಿ ಹೊಸಬರು ನುಗ್ಗಿ ಬಂದರು. 1827ರಲ್ಲಿ ಕೌಂಟಿ ಏರ್ಪಟ್ಟಿತು. 1832ರ ಬ್ಲ್ಯಾಕ್ ಹಾಕ್ ಯುದ್ಧದ ತರುವಾಯ ಮೂಲನಿವಾಸಿಗಳಿಗೆ ಆ ನೆಲದಲ್ಲಿ ಇರುವ ಅವಕಾಶವೇ ಉಳಿಯಲಿಲ್ಲ.

ಊರಿನ ಪಕ್ಕದ ಗಲೀನ ನದಿ ಕೆಲವೇ ಮೈಲಿ ಹರಿದು ಮಿಸಿಸಿಪಿಯನ್ನು ಸೇರುತ್ತದೆ. ಉಗಿಹಡಗುಗಳು ಊರಿನವರೆಗೂ ಬಂದು ಸೀಸವನ್ನು ತುಂಬಿಕೊಂಡು ಹೋಗುತ್ತಿದ್ದವು. 1845ರ ಸುಮಾರಿಗೆ ಈ ಗಣಿಗಾರಿಕೆ ತುತ್ತತುದಿಯನ್ನು ಮುಟ್ಟಿತು. 1845–46ರಲ್ಲಿ ಮಾರುಕಟ್ಟೆಯ ಭವನ ಎದ್ದಿತು. 1855ರಲ್ಲಿ ಡಿಸೋಟೊ ಹೌಸ್ ಎಂಬ ಭಾರಿ ಹೋಟೆಲು ಬಾಗಿಲು ತೆರೆಯಿತು. ಮರುವರ್ಷ ಲಿಂಕನ್ ಅದರ ಮೊಗಸಾಲೆಯಿಂದ ಭಾಷಣ ಮಾಡಿದರು.

ಅದೇ ದಶಕದ ಕೊನೆಯಲ್ಲಿ ಸುಂಕದ ಕಟ್ಟೆಯೂ ಅಂಚೆ ಕಚೇರಿಯೂ ಆದ ಕಲ್ಲಿನ ಕಟ್ಟಡವೊಂದು ಮುಗಿಯಿತು. ಅದರ ಉಸ್ತುವಾರಿ ನೋಡಿದ ಇಂಜಿನಿಯರು ಈಲಿ ಪಾರ್ಕರ್. ಆತ ಸೆನೆಕ ಎಂಬ ಮೂಲನಿವಾಸಿ ಕುಲದವನು. ಕಾಯಿದೆ ಓದಿದ್ದರೂ, ಅಮೆರಿಕದ ಪ್ರಜೆಯಲ್ಲವೆಂದು ವಕೀಲಿಗೆ ಅವನನ್ನು ಸೇರಿಸಿಕೊಂಡಿರಲಿಲ್ಲ. ಮೂಲನಿವಾಸಿಗಳನ್ನು ಹೊರದೂಡಿದ ಊರಿನಲ್ಲಿ ಸರ್ಕಾರದ ಕಟ್ಟಡವನ್ನು ಎತ್ತಿ ನಿಲ್ಲಿಸಿದವನು ಇವನು.

ಪಾರ್ಕರನಿಗೆ ಇಲ್ಲಿ ಸ್ನೇಹಿತನಾದವನು ಯುಲಿಸಿಸ್ ಗ್ರ್ಯಾಂಟ್. ಸೈನ್ಯದ ಕೆಲಸ ಬಿಟ್ಟು, ಬೇಸಾಯದಲ್ಲಿಯೂ ಸೋತು, 1860ರಲ್ಲಿ ತಂದೆಯ ಚರ್ಮದ ಅಂಗಡಿಗೆ ಸೇರಿದ್ದವನು. ಮರುವರ್ಷವೇ ಅಂತರ್ಯುದ್ಧ ಹೊತ್ತಿಕೊಂಡಿತು. 1865ರ ಏಪ್ರಿಲಿನಲ್ಲಿ ದಕ್ಷಿಣದ ದಂಡನಾಯಕ ಲೀ ಗ್ರ್ಯಾಂಟನಿಗೆ ಶರಣಾದಾಗ, ಶರಣಾಗತಿಯ ಕರಾರನ್ನು ಶುದ್ಧಪ್ರತಿ ಮಾಡಿದ ಕೈ ಪಾರ್ಕರನದು. ಆ ಆಗಸ್ಟಿನಲ್ಲಿ ಊರಿಗೆ ಬಂದ ಗ್ರ್ಯಾಂಟನಿಗೆ ಗಲೀನದ ಧನಿಕರು ಇಟ್ಟಿಗೆಯ ಮನೆಯೊಂದನ್ನು ಪೀಠೋಪಕರಣಸಹಿತ ಕೊಟ್ಟರು. 1869ರಲ್ಲಿ ಆತ ರಾಷ್ಟ್ರಾಧ್ಯಕ್ಷನಾದ. ಆ ಮನೆಯನ್ನು ಇಂದಿಗೂ ಪ್ರೇಕ್ಷಕರು ನೋಡಬಹುದು.

ಆದರೆ ಆ ಹೊತ್ತಿಗೆ ಊರು ಇಳಿಮುಖವಾಗಿತ್ತು. ಮೇಲ್ಪದರದ ಅದಿರು ಮುಗಿಯುತ್ತ ಬಂದಿತ್ತು. 1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನ ಅನೇಕ ಗಣಿಗಾರರನ್ನು ಸೆಳೆದಿತ್ತು. ರೈಲುಮಾರ್ಗ ಗಲೀನದಲ್ಲಿ ನಿಲ್ಲದೆ ಮಿಸಿಸಿಪಿಯ ದಂಡೆಯವರೆಗೆ ಹೋದುದರಿಂದ ವ್ಯಾಪಾರವೂ ಅದರೊಡನೆ ಹೋಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಊರೇ ತಂದುಕೊಂಡದ್ದು. ಅದಿರು ಕರಗಿಸುವ ಕುಲುಮೆಗಳಿಗಾಗಿ ಗುಡ್ಡದ ಮರಗಳನ್ನೆಲ್ಲ ಕಡಿದರು. ಬೋಳು ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಬಂದು ನದಿಯಲ್ಲಿ ಹೂಳು ತುಂಬಿತು. ಹಡಗುಗಳಿಗೆ ದಾರಿ ಮುಚ್ಚಿತು.

ಹಣವಿದ್ದ ಊರುಗಳು ಹಳೆಯ ಅಂಗಡಿಗಳನ್ನು ಕೆಡವಿ ಹೊಸದಾಗಿ ಕಟ್ಟಿದವು. ಗಲೀನಕ್ಕೆ ಕೆಡವುವಷ್ಟು ಹಣವೂ ಇರಲಿಲ್ಲ. ಹೀಗೆ ಬಡತನವೇ ಆ ಬೀದಿಯನ್ನು ಕಾಪಾಡಿತು. 1969ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಈಗ ಅದನ್ನು ನೋಡಬರುವ ಪ್ರವಾಸಿಗಳೇ ಊರಿನ ಮುಖ್ಯ ಆದಾಯ.

ಆ ಬೀದಿಯ ತುದಿಯಲ್ಲಿ 1951ರಲ್ಲಿ ನಿಲ್ಲಿಸಿದ ಭಾರಿ ಕದಗಳಿವೆ. ಒಂದು ಕಾಲಕ್ಕೆ ಸಂಪತ್ತನ್ನು ಹೊತ್ತ ಈ ನದಿಯಲ್ಲಿ ನೆರೆ ಬಂದರೆ, ಊರಿನವರು ಅವನ್ನು ಎಳೆದು ಮುಚ್ಚುತ್ತಾರೆ.