ಹಾಡಿನ ನಡುವೆ ಸಾಸಿವೆ ಸಿಡಿದರೆ...

ಅಟ್ಟದಿಂದ ಅಪ್ಪನ ಟರ್ನ್‌ಟೇಬಲ್ ಇಳಿಸಿ, ರಿಪೇರಿ ಮಾಡಿಸಿ, ಭೀಮಸೇನ ಜೋಶಿಯವರ ದಾಸರಪದಗಳ ಎಲ್‌ಪಿ ಹಾಕಿದೆ. ಅಡುಗೆಮನೆಯಿಂದ ಅಮ್ಮ ಕೂಗಿದರು: "ಒಗ್ಗರಣೆ ನಾನಿನ್ನೂ ಹಾಕೇ ಇಲ್ಲ, ಸಾಸಿವೆ ಎಲ್ಲಿ ಸಿಡೀತಿದೆಯೋ?" ನಿಜ, ಹಾಡಿನುದ್ದಕ್ಕೂ ಚಟಪಟ ಸದ್ದು. "ಅಜ್ಜನ ಪ್ಲೇಟು ಹಾಳಾಯ್ತಾ ಅಪ್ಪಾ?" ಎಂದು ಮಗಳು ಮುಖ ಸಣ್ಣದು ಮಾಡಿದಳು.

ಹಾಳಾಗಿರಲಿಲ್ಲ. ಎಲ್‌ಪಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅದರ ಮೇಲೆ ಸುರುಳಿಯಾಗಿ ಸಾಗುವ, ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಹಾಡು ಅಡಗಿರುತ್ತದೆ. ಮುಳ್ಳು ಆ ಗೆರೆಯ ಅಂಕುಡೊಂಕಿನಲ್ಲಿ ಸಾಗುವಾಗ ನಡುಗುತ್ತದೆ; ಆ ನಡುಕವೇ ಹಾಡಾಗುತ್ತದೆ. ದಾರಿಯಲ್ಲಿ ದೂಳಿನ ಕಣ ಸಿಕ್ಕರೆ ಮುಳ್ಳು ಎಡವಿ 'ಚಟ್' ಎನ್ನುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆಯುವಂತೆ, ಒಣಬಟ್ಟೆಯಲ್ಲಿ ಉಜ್ಜಿದ ವಿನೈಲ್ ದೂಳನ್ನು ಎಳೆದುಕೊಳ್ಳುತ್ತದೆ. ಅಂಗಿಯ ಚುಂಗಿನಿಂದ ಒರೆಸಬಾರದು ಎನ್ನುವುದು ಇದಕ್ಕೇ.

ಒರೆಸುವ ಮುನ್ನ ಸದ್ದನ್ನು ಗಮನವಿಟ್ಟು ಕೇಳಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. 'ಟಕ್' ಸದ್ದು ಸರಿಯಾಗಿ ಅಷ್ಟು ಹೊತ್ತಿಗೊಮ್ಮೆ ಬಂದರೆ ಅದು ಬಹುಮಟ್ಟಿಗೆ ಗೀರು, ತೊಳೆದರೆ ಹೋಗದು. ಹೊತ್ತುಗೊತ್ತಿಲ್ಲದೆ ಸಿಡಿದರೆ ಹೆಚ್ಚಾಗಿ ದೂಳು.

ದೂಳಿಗೆ ನಾನು ಮಾಡಿದ್ದಿಷ್ಟು. ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೆರೆಗಳ ಗುಂಟ ಮೆಲ್ಲಗೆ ಒರೆಸಿದೆ. ನಡುವಿನ ಲೇಬಲ್ ನೆನೆಯದಂತೆ ನೋಡಿಕೊಂಡೆ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೊಮ್ಮೆ ಒರೆಸಿ, ತಟ್ಟೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿದೆ. ನಲ್ಲಿ ನೀರು ಬೇಡ. ಒಣಗಿದಾಗ ಅದರ ಲವಣ ಗೆರೆಯಲ್ಲೇ ಉಳಿಯುತ್ತದೆ. ಮುಳ್ಳಿಗೆ ಅಂಟಿದ ಕಸವನ್ನು ಸಣ್ಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ತೆಗೆಯಬೇಕು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ತಾತನ 78 ವೇಗದ ರಂಗಗೀತೆಯ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಿದ್ದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಎಂದು ಇನ್ನಷ್ಟು ಉಜ್ಜಿದೆ. ಬಿಟ್ಟದ್ದು ಕೊಳೆಯಲ್ಲ, ಪ್ಲೇಟೇ! ಹಳೆಯ 78ರ ಪ್ಲೇಟುಗಳಲ್ಲಿ ಹೆಚ್ಚಿನವು ಅರಗಿನಿಂದ ಬರುವ ಶೆಲ್ಯಾಕ್‌ನವು. ಬಡಗಿಗಳು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಪಾಲಿಷ್ ಹಚ್ಚುವುದು ಇದನ್ನೇ. ಆ ಹಾಡು ಮತ್ತೆ ಕೇಳಿಸಲಿಲ್ಲ. ತಾತ ಬೈಯಲಿಲ್ಲ, ಪ್ಲೇಟನ್ನು ಕವರಿಗೆ ಹಾಕಿ ಎತ್ತಿಟ್ಟರು, ಅಷ್ಟೆ. ಹಾಗಾಗಿ ಪ್ಲೇಟು ಯಾವುದರಿಂದ ಮಾಡಿದ್ದು ಎಂದು ತಿಳಿಯದೆ ಏನನ್ನೂ ಹಚ್ಚಬೇಡಿ.

ಎಲ್‌ಪಿ ಒಣಗಿದ ಮೇಲೆ ಮತ್ತೆ ಹಾಕಿದೆವು. ಒಗ್ಗರಣೆ ನಿಂತಿತ್ತು. ಒಂದು ಕಡೆ ಮಾತ್ರ 'ಟಕ್... ಟಕ್...' ಮಗಳು ಗಡಿಯಾರ ನೋಡಿ, "ಅಪ್ಪಾ, ಇದು ಗೀರು!" ಎಂದಳು.

ಅಮ್ಮ ನಗುತ್ತಾ ಹೇಳಿದರು: "ಹೌದು ಪುಟ್ಟಿ. ನಿಮ್ಮಪ್ಪ ಮೂರು ವರ್ಷದವನಿದ್ದಾಗ ಮುಳ್ಳು ಹಿಡಿದು ಎಳೆದದ್ದು. ಅದು ಇರಲಿ ಬಿಡು."